ಬಲೆ ಹೊದಿಸಿದ ಈಜುಕೊಳ

ಕಾಳ್ಗಿಚ್ಚು ಆರಿದ ಮೇಲೆ ಅಥೆನ್ಸಿನ ಹೊರವಲಯಕ್ಕೆ ಮತ್ತೆ ಬಸ್ಸು ಬಿಟ್ಟಿದ್ದರು. ನನ್ನ ಮುಂದಿನ ಸೀಟಿನಲ್ಲಿ ನಡುವಯಸ್ಸಿನ ಅಕ್ಕ, ತಮ್ಮ. ತಮ್ಮನ ತೊಡೆಯ ಮೇಲೆ ಸೊಪ್ಪಿನ ಪೈ ತುಂಬಿದ ತಟ್ಟೆ.

“ನೀನೇ ಕೊಟ್ಟು ಬಾ ಅಕ್ಕಾ. ಪಕ್ಕದ್ಮನೆ ಪೊಲಿಕ್ಸೇನಿ ಅಜ್ಜಿ ಮುಖ ನೋಡಕ್ಕಾಗಲ್ಲ.”

“ಯಾಕೋ, ಅವಳ ಮನೆ ಸುಟ್ಟಿದ್ದು ನಿನ್ನಿಂದಾನಾ?”

“ಅಗ್ನಿಶಾಮಕದವ್ರ ಗಾಡೀಲಿ ನೀರು ಮುಗ್ದಿತ್ತು. ಹತ್ರ ಎಲ್ಲಾದ್ರೂ ಈಜುಕೊಳ ಇದ್ಯಾ ಅಂತ ನನ್ನನ್ನೇ ಕೇಳಿದ್ರು. ಇಲ್ಲ ಅಂದ್ಬಿಟ್ಟೆ.”

“ಅಯ್ಯೋ ಪಾಪಿ! ನಾವು ಬಾಡಿಗೆಗೆ ಕೊಡೋ ಬಂಗ್ಲೆ ಹಿಂದೇನೇ ಇತ್ತಲ್ಲೋ!”

“ಕೊಳಕ್ಕೆ ತೆರಿಗೆ ಹಾಕ್ತಾರಲ್ಲ, ಆ ತೆರಿಗೆಯವ್ರಿಗೆ ಇಲ್ಲ ಇಲ್ಲ ಅಂತ ಹೇಳಿ ಹೇಳಿ ಅಭ್ಯಾಸ. ಯೂನಿಫಾರ್ಮ್ ಕಂಡ ಕೂಡ್ಲೇ ಬಾಯಿಗೆ ಅದೇ ಬಂತು.”

“ನೀರು ಹುಯ್ಯೋಕೆ ಬಂದ ಹೆಲಿಕಾಪ್ಟರ್‌ನವ್ರಿಗಾದ್ರೂ ಕಾಣ್ಲಿಲ್ವಾ?”

“ಮೇಲಿಂದ ಕಾಣ್ಬಾರ್ದು ಅಂತ ಹಸಿರು ಬಲೆ ಹೊದಿಸಿದ್ದು ಯಾರು? ನೀನೇ ಅಲ್ವಾ?”



“ಮೊದ್ಲು ಆ ಬಲೆ ಕಿತ್ತು ಬಿಸಾಕು.”

“ಕಿಡಿ ಬಿದ್ದು ಅದೂ ಸುಟ್ಟೋಯ್ತು. ಈಗ ತುಂಬಿದ ಕೊಳ ಬೇಲಿಯಾಚೆಗೂ ಕಾಣುತ್ತೆ. ಬೆಳಿಗ್ಗೆ ಅಜ್ಜಿ ಅಲ್ಲೇ ನಿಂತು ನೋಡ್ತಿದ್ಲು.”





ಅವರ ನಿಲ್ದಾಣ ಬಂತು, ಇಳಿದರು. ಬಸ್ಸು ಹೊರಟಾಗಲೂ ಆ ತಟ್ಟೆ ಅಕ್ಕನ ಕೈಯಿಂದ ತಮ್ಮನ ಕೈಗೆ, ತಮ್ಮನ ಕೈಯಿಂದ ಅಕ್ಕನ ಕೈಗೆ ಹೋಗುತ್ತಲೇ ಇತ್ತು.