ಐತವಾರದ ಸೈಕಲ್ಲು

ಏಳಬ್ಯಾಡ! ಕುಂದ್ರು ಅಂದೆ, ಕುಂದ್ರು ನರಸಣ್ಣ. ಸಾಹೇಬ್ರ ಜೀಪು ಬರೋತನಕಾ ನೀ ಈ ಕಟ್ಟಿ ಬಿಟ್ಟು ಹಂದಾಡಂಗಿಲ್ಲ. ಏನು, ಸೈಕಲ್ ಕಡೆ ನೋಡ್ತಿ? ನೋಡು, ಚೆಂದಾಗಿ ನೋಡು! ಎರಡೂ ಗಾಲಿ ಗಾಳಿ ಬಿಟ್ಟೀನಿ. ಹೌದು, ನಾನಾ ಬಿಟ್ಟೆ. ನೀ ಅತ್ತಾಗ ಮುಖ ತೊಳಕೊಳ್ಳಾಕ ಹೋದೆಲ್ಲ, ಆವಾಗ. ಈಗ ನಿಮ್ಮೂರು ಪಾಮನಕಲ್ಲೂರಿಗೆ ಹ್ಯಾಂಗ ಹೋಗತಿ ನಾನೂ ನೋಡತೀನಿ!

ಯಾಕ ನಗತಿ? ನಗಬ್ಯಾಡ ನನ್ನ ಮುಂದ. ಗಂಡನ್ನ ಕಳಕೊಂಡಾಕಿ ಮುಂದ ಕುಂತು ನಗೋ ಧೈರ್ಯ ಎಲ್ಲಿಂದ ಬಂತು ನಿನಗ?

ನೀರು ಕುಡಿ. ಅಲ್ಲೇ ಐತಿ ಚರಗಿ. ಮನಿಗೆ ಬಂದಾವಗ ನೀರು ಕೊಡಲಿಲ್ಲ ಅಂತ ಅನಿಸ್ಕೊಳ್ಳಾಕಿ ಅಲ್ಲ ನಾನು. ನೀರೂ ಕೊಡತೀನಿ, ಸಾಹೇಬ್ರ ಮುಂದ ನಿನ್ನ ಮಾನಾನೂ ಕಳೀತೀನಿ. ಎರಡೂ ಇವತ್ತೇ.

ಒಳಗ ಯಾಕ ಹಣಿಕಿ ಹಾಕತಿ ಪದೇ ಪದೇ? ಆದಮ್ಮ ಅದಾಳ. ನನ್ನ ಮಗಳು. ಬಾಣಂತನಕ್ಕ ಬಂದಾಳ, ಕೂಸಿನ್ನ ಮಲಗಸಾಕತ್ಯಾಳ. ಕೇಳಿದ್ರ ಕೇಳಲಿ ಬಿಡು! ಅಪ್ಪ ಯಾರಿಂದ ಸತ್ತ ಅಂತ ಮಗಳಿಗೆ ಗೊತ್ತಾಗಬಾರದೇನು?

ಅಲ್ಲಾ, ಸರಕಾರಕ್ಕ ಕಣ್ಣು ಅದಾವೋ ಇಲ್ಲೋ? ರಾಯಚೂರಾಗ ಕುಂತು ಯೋಜನಿ ಮಾಡಾಕತ್ತಾರಂತ. ಕುಡಿಯೋದು ಹೊಸದಾಗಿ ಬಿಟ್ಟಾವನ ಮನಿಗೆ, ಮೊದಲಾ ಬಿಟ್ಟಾವ ಒಬ್ಬ ವಾರಕ್ಕೊಮ್ಮಿ ಹೋಗಿ ಕುಂದ್ರಬೇಕಂತ. ಜೊತೆಗಾರ ಅಂತ ಅವಗ ಹೆಸರಂತ. ಎಷ್ಟು ದಿನ ಹೋಗಬೇಕು? ಆರು ತಿಂಗಳು ಸಾಕೋ, ಐದು ವರ್ಷ ಬೇಕೋ? ಅದನ್ನ ಕೇಳಾಕ ಸಾಹೇಬ್ರು ಮನಿ ಮನಿ ತಿರಗ್ಯಾಡಾಕತ್ತಾರ. ಛಲೋ ಕೆಲಸ, ಬ್ಯಾಡ ಅನ್ನಂಗಿಲ್ಲ ನಾನು. ಆದ್ರ ಸಿಂಧನೂರು, ಲಿಂಗಸುಗೂರು ಎರಡೂ ತಾಲೂಕಿನ ಜೊತೆಗಾರರಿಗೆ ಹಿರೇಮನಿಷ್ಯಾ ಯಾರಂತ? ನರಸಣ್ಣಂತ! ಥೂ! ಆ ಪಟ್ಟಿಯಿಂದ ನಿನ್ನ ಹೆಸರು ಹೊಡಸಿ ಹಾಕಸಲಿಲ್ಲಂದ್ರ ನನ್ನ ಹೆಸರು ಶೇಖಮ್ಮ ಅಲ್ಲ.

ಆ ಚೀಲ ಇತ್ತಾಗ ಕೊಡು. ಅದರಾಗ ನೋಟಬುಕ್ ಐತಲ್ಲ, ದವಾಖಾನಿಯವರು ಕೊಟ್ಟಿದ್ದು? ಮೊದಲು ಅದನ್ನ ಕೊಡು. ಯಾಕ ಚೀಲ ಗಟ್ಟಿ ಹಿಡಕೊಂಡಿ? ಬ್ಯಾಡ? ಇರಲಿ ಬಿಡು. ಸಾಹೇಬ್ರು ಬರೋದ್ರೊಳಗ ನೀನಾ ಕೊಡತಿ.

ನೆಪ್ಪೈತೇನು ನಿನಗ? ತೊಂಬತ್ನಾಕರ ಸಂಕ್ರಮಣ ಮುಗದಿತ್ತು. ಲಿಂಗಸುಗೂರಾಗ ಕುಡಿತ ಬಿಡಸೋ ಕ್ಯಾಂಪು. ಹತ್ತು ದಿನ ಇದ್ದು ಬಂದ ನಮ್ಮ ಮನಿಯಾತ. ಸಿಂಧನೂರು ರೈಸ್‌ಮಿಲ್ಲಿನಾಗ ಎರಡೆರಡು ಚೀಲ ನೆಲ್ಲು ಒಮ್ಮಿಗೇ ಹೊರತಿದ್ದ ಹಮಾಲ, ಚಾದ ಕಪ್ಪು ಹಿಡಿಯಾಕ ಬರಲಾರದಂಗ ಆಗಿದ್ದ. ಕೈ ಹಿಂಗ, ಹಿಂಗ ನಡಗತಿದ್ದವು. ಸರಾಯಿ ಪಾಕೀಟು ಹಲ್ಲಿಲೆ ಹರಿಯೋ ಮನಿಷ್ಯಾ, ಹಲ್ಲು ಕಚ್ಚಿ ಗ್ವಾಡಿ ಕಡೆ ಮುಖ ಮಾಡಿ ಮಲಗತಿದ್ದ. ಆ ಐತವಾರ ಮುಂಜಾನೆ, ಕ್ಯಾಂಪಿನವರು ಕಳಿಸ್ಯಾರಂತ, ಗಂಟಿ ಹೊಡಕೋತ ಬಂದಿ ನೀನು. ಕೆಂಪು ಮಡಗಾರ್ಡಿನ ಇದಾ ಸೈಕಲ್ಲು.

ಮೊದಲು ನನಗ ಸಿಟ್ಟಾ ಬಂದಿತ್ತು. ಮಸ್ಕಿ ಬಸ್‌ಸ್ಟ್ಯಾಂಡಿನ ಚರಂಡ್ಯಾಗ ಬೀಳತಿದ್ದ ನರಸ, ಇವ ನನ್ನ ಗಂಡಗ ಬುದ್ಧಿ ಹೇಳಾಂವ ಆದನಲ್ಲ ಅಂತ. ಆದ್ರ ನೀ ಬುದ್ಧಿ ಹೇಳಲಿಲ್ಲ. ಪುಂಡಿ ನಾರು ತಂದಿದ್ದಿ. 'ಕೈ ಖಾಲಿ ಇಡಬ್ಯಾಡ ಕನಕರಾಯ, ಹಿಡಿ ಈ ತುದಿ' ಅಂದಿ. ನೀ ಆ ಕಡೆ, ಆತ ಈ ಕಡೆ, ಮಧ್ಯಾಹ್ನತನಕಾ ಹಗ್ಗ ಹೊಸದ್ರಿ. ಕುಡಿಯೋ ಮಾತಾ ತಗಿಲಿಲ್ಲ. ಹೋಗುವಾಗ ನನ್ನ ಕಡಿಂದ ನೋಟಬುಕ್ಕಿನಾಗ ಹೆಬ್ಬಟ್ಟು ಒತ್ತಿಸ್ಕೊಂಡಿ. ಈ ವಾರ ಕುಡದಿಲ್ಲ ಅಂತ ಮನಿಯಾಕಿ ಸಾಕ್ಷಿ.

ಒಂಬತ್ತು ತಿಂಗಳು! ಒಂಬತ್ತು ತಿಂಗಳು ಒಂದು ತೊಟ್ಟು ಮುಟ್ಟಲಿಲ್ಲ ಆತ. ಅಕ್ಷರ ಕಲಸೋ ಹುಡುಗ್ಯಾರು ಓಣಿಗೆ ಬರತಿದ್ರಲ್ಲ, ಅವರ ಕಡೆ ನಾ ಸಹಿ ಮಾಡೋದು ಕಲ್ತೆ. ಹೆಬ್ಬಟ್ಟು ಬಿಟ್ಟು 'ಶೇಖಮ್ಮ' ಅಂತ ಬರದ ದಿನ, ನಮ್ಮಾತ ಆ ಹಾಳಿ ಓಣಿ ತುಂಬ ತೋರಿಸ್ಕೊಂಡು ಬಂದ, ನನ್ನ ಹೇಣತಿ ಬರದಾಳ ಅಂತ.

ಆಮ್ಯಾಲ ದಸರಾ ಬಂತು. ನೀ ಬರೋದಾ ಬಿಟ್ಟಿ.

ಏನಾಗಿತ್ತೋ ನಿನಗ? ಹಾಂ? ಕಾಲು ಮುರದಿದ್ದವೇನು? ಒಂದು ಐತವಾರ ಈ ಕಡೆ ಹಾಯಲಿಲ್ಲ. ನಮ್ಮಾತ ಹಗ್ಗದ ಒಂದು ತುದಿ ಆ ಕಂಬಕ್ಕ ಕಟ್ಟಿ, ಇನ್ನೊಂದು ತುದಿ ಕೈಯಾಗ ಹಿಡಕೊಂಡು ದಾರಿ ನೋಡಕೋತ ಕುಂದ್ರತಿದ್ದ. ನೋಡು, ಕತ್ತೆತ್ತಿ ನೋಡು, ಇನ್ನಾ ಅಲ್ಲೇ ಜೋತಾಡಾಕತ್ತೇತಿ ಅರ್ಧಾ ಹಗ್ಗ. ಬಿಚ್ಚಿಲ್ಲ ನಾನು. ನಿನಗ ತೋರಸಾಕಂತಾ ಇಟ್ಟೀನಿ!

ಮಗಳ ಮದವ್ಯಾಗೂ ಕುಡಿಲಿಲ್ಲ ಆತ. ಮದವಿ ಆಗಿ ಎಂಟು ದಿನಕ್ಕ ಶುರು ಹಚ್ಚಿಕೊಂಡ. ಮಳಿಗಾಲದಾಗ ಸಿಂಧನೂರು ಕಾಲುವಿ ದಂಡ್ಯಾಗ ಸಿಕ್ಕ, ಮಕಾಡೆ. ಮಿಲ್ಲಿನವರು ಟ್ರ್ಯಾಕ್ಟರಿನಾಗ ತಂದು ಇದಾ ಕಟ್ಟಿ ಮ್ಯಾಲ ಮಲಗಿಸಿದ್ರು, ಈಗ ನೀ ಕುಂತೀಯಲ್ಲ, ಅಲ್ಲೇ.

ಸರಿಬ್ಯಾಡ! ಅಲ್ಲೇ ಕುಂದ್ರು.

ಮಣ್ಣಿಗೆ ಬಂದಿದ್ದಿ ನೀನು. ದೂರ ಬೇವಿನ ಗಿಡದ ಕೆಳಗ ನಿಂತಿದ್ದಿ. ಅವತ್ತಾ ಅಂದಕೊಂಡೀನಿ, ಇವನ ಮಾನ ಹತ್ತು ಮಂದ್ಯಾಗ ಹರಾಜು ಹಾಕದಾ ಬಿಡಬಾರದು ಅಂತ. ಎರಡು ವರ್ಷ ಆತು, ಒಂದು ದಿನಾ ಮರತಿಲ್ಲ. ನೀ ಕ್ಯಾಂಪಿನಾಗ ಮೈಕ್ ಹಿಡಕೊಂಡು ಭಾಷಣ ಮಾಡೋದು ಕೇಳಿದಾಗೊಮ್ಮಿ ಅರ್ಧಕ್ಕಾ ಎದ್ದು ಬರತಿದ್ದೆ. ನಿನ್ನ ಸೈಕಲ್ ಒಂದು ಮನಿ ಮುಂದ ನಿಂತ್ರ ಸಾಕು, ಊರಿಗೆ ಊರಾ ಅನ್ನತೇತಿ, ಆ ಮನ್ಯಾಗೊಬ್ಬ ಕುಡಕ ಅದಾನ ಅಂತ. ಆ ಮಾತು ನುಂಗಿಕೊಂಡು ಒಂಬತ್ತು ತಿಂಗಳು ನಿನ್ನ ಸೈಕಲ್ಲಿಗೆ ನೆಳ್ಳು ಕೊಟ್ಟೆ ನಾನು. ನೀ ಏನು ಕೊಟ್ಟಿ ನನಗ?

ಮಾತಾಡು! ಯಾಕ ಬಿಟ್ಟಿ ಅಂತ ಹೇಳು ನೋಡೋಣ. ಹೇಳಂಗಿಲ್ಲ ನೀನು, ನನಗ ಗೊತ್ತೈತಿ. ದವಾಖಾನಿ ಆಯಾ ಮಾಸುಂಬಿ ಎಲ್ಲಾ ಹೇಳ್ಯಾಳ. ಸಾಹೇಬ್ರು ಕೇಳಿದ್ರಂತ, ಕನಕರಾಯನ ಮನಿಗೆ ಯಾಕ ಹೋಗೋದು ಬಿಟ್ಟಿ ಅಂತ. 'ತಪ್ಪು ನಂದಾರಿ, ನಾನಾ ಬ್ಯಾಸರಾಗಿ ಬಿಟ್ಟೆ, ಹಂಗಾ ಬರಕೋರಿ' ಅಂದೀಯಂತ. ನಿನ್ನ ಬಾಯಿಲೇ ಒಪ್ಪಿಕೊಂಡಿ! ಇನ್ನೇನು ಬೇಕು ನನಗ? ಅದನ್ನ ಇವತ್ತು ಸಾಹೇಬ್ರ ಮುಂದ, ಓಣಿ ಹೆಣಮಕ್ಕಳ ಮುಂದ ಇನ್ನೊಮ್ಮಿ ಅನಸ್ತೀನಿ.

ಮತ್ತ ಒಳಗ ನೋಡಿದಿ. ಯಾಕೋ? ಆದಿಗೇನು ಹೇಳಬೇಕಂತ ಮಾಡೀಯೇನು ನೀನು? ಆಕಿ ಸುದ್ದಿಗೆ ಹೋಗಬ್ಯಾಡ, ಹೇಳಿರತೀನಿ. ಹಸಿ ಬಾಣಂತಿ ಆಕಿ...

ಜೀಪು ಬಂತೇನು? ಇಲ್ಲ, ಲಾರಿ. ಕೊಡೋ ಆ ನೋಟಬುಕ್! ಕೊಡು ಅಂದ್ರ... ಬಿಡು ಕೈ! ಹಾಂ, ಬಂತಿಲ್ಲೋ ಕೈಗೆ. ಈಗ ನೋಡು. ಇಲ್ಲೆಲ್ಲಾ ಹೆಬ್ಬಟ್ಟು. ಹೆಬ್ಬಟ್ಟು, ಹೆಬ್ಬಟ್ಟು... ಇಲ್ಲಿಂದ ಸಹಿ. ಶೇಖಮ್ಮ, ಶೇಖಮ್ಮ. ಇದು ಶ್ರಾವಣದ್ದು. ಇದು ಗಣಪತಿ ಹಬ್ಬದ್ದು. ಆಮ್ಯಾಲ...

ಆಮ್ಯಾಲಿನ ಹಾಳಿ ಎಲ್ಲೈತಿ?

ಇಲ್ಲಿ ಹೊಲಿಗಿ ಹತ್ತರ ಚೂರು ಉಳದೇತಿ ಅಷ್ಟಾ. ಯಾರೋ ಹರದಾರ. ನರಸಣ್ಣ, ಇದನ್ನ ಯಾರು ಹರದ್ರು?

ನೀ ಹರದಿ? ನೀನಾ?

ಯಾಕ ಹರದ್ಯೋ... ನಿನ್ನ ಹತ್ರ ಇದ್ದಿದ್ದು ಅದೊಂದಾ ಅಲ್ಲೇನು? ಅದೊಂದು ಹಾಳಿ ಸಾಹೇಬ್ರ ಮುಂದ ಹಿಡದಿದ್ರ ನೀ ಬಚಾವ್ ಆಗತಿದ್ದಿ. ಅದನ್ನ ಕಸಗೊಂಡು ಒಲ್ಯಾಗ ಹಾಕಬೇಕಂತಾ ನಾ ಇವತ್ತು ನಿನ್ನ ಇಲ್ಲಿಗೆ ಕರಸಿದ್ದು. ಅದಕ್ಕಾ ಗಾಲಿ ಗಾಳಿ ಬಿಟ್ಟಿದ್ದು. ನೀ ನನಗಿಂತ ಮೊದಲಾ...

ಮಾಸುಂಬಿಗೂ ಹೇಳಿಲ್ಲೇನು? ಯಾರಿಗೂ? ಎರಡು ವರ್ಷ ಊರ ಮಂದಿ ಕಡಿಂದ ಅನಿಸ್ಕೊಂಡು ಸುಮ್ನ ಕುಂತೀಯೇನು ನೀನು?

ಹಿಂಗ ನೋಡಬ್ಯಾಡ ನನ್ನ. ಬೈಯ್ಯಿ! ನೀನಾ ಬರಬ್ಯಾಡ ಅಂದ್ಯಲ್ಲಬೇ ಅಂತ ಬೈಯ್ಯಿ!

ಹೌದು. ನಾನಾ ಬರದೆ. 'ಇನ್ನ ಮ್ಯಾಲ ಬರಬ್ಯಾಡ. ಶೇಖಮ್ಮ.' ಹೆಸರು ಬಿಟ್ರ ನಾ ನನ್ನ ಕೈಯಾರೆ ಬರದ ಮೊದಲನೇ ಮಾತು ಅದು. ಲಿಂಗಸುಗೂರಿನ ಅಮರಗುಂಡಪ್ಪ ಮಗಗ ಹೆಣ್ಣು ನೋಡಾಕ ಬಂದಿದ್ದ, ಐತವಾರಾನಾ. ಬಾಗಲದಾಗ ನಿನ್ನ ಸೈಕಲ್ ನೋಡಿ, 'ಇದು ಆ ಕ್ಯಾಂಪಿನ ನರಸಣ್ಣಂದಲ್ಲೇನು? ಈ ಮನ್ಯಾಗ ಯಾರು ಕುಡೀತಾರ?' ಅಂದ. ಹಗ್ಗ ಕೊಳ್ಳಾಕ ಬಂದಾನ ರೀ ಅಂದೆ. ಅವ್ರು ಹೋದ ಕೂಡಲೇ ನಿನ್ನ ಕೈಯಾಗಿನ ಪೆನ್ನು ಕಸಗೊಂಡು ಬರದೆ. ನೀ ಓದಿದಿ. ನೋಟಬುಕ್ ಚೀಲದಾಗ ಇಟ್ಕೊಂಡು ಎದ್ದು ಹೋದಿ. ಈ ಕಡೆ ಹಾಯಲಿಲ್ಲ ಅಂದೆಲ್ಲ ಈಗ, ಸುಳ್ಳದು. ಎರಡು ಐತವಾರ ಬಂದು ಆ ಚಾದ ಹೋಟೆಲ್ ಮುಂದ ನಿಂತು ಹೋದಿ. ನಾ ನೋಡಿ ಬಾಗಲ ಮುಚ್ಚಿಕೊಂಡೆ.

ಇಷ್ಟಾ ನಿನಗ ಗೊತ್ತಿರೋದು. ಇನ್ನೊಂದೈತಿ. ಅದನ್ನ ಯಾರಿಗೂ ಹೇಳಿಲ್ಲ ನಾನು... ಮದವಿ ಆದ ಮ್ಯಾಲ ಆತ ಅಂದ, 'ಶೇಖಿ, ನಾನಾ ಪಾಮನಕಲ್ಲೂರಿಗೆ ಹೋಗಿ ನರಸಣ್ಣನ್ನ ಕರಕೊಂಡು ಬರತೀನಿ, ಮನಿ ಭಣಭಣ ಅಂತೇತಿ, ಒಬ್ಬಾಂವಗ ಇರಾಕ ಆಗವಲ್ದು.' ಅಂಗಿ ಹಾಕ್ಕೊಂಡು ನಿಂತಿದ್ದ. ಹೋದ್ರ ನೀ ಎಲ್ಲಾ ಹೇಳತಿ ಅಂತ ನನಗ ಹೆದರಿಕಿ. 'ಹೋಗಬ್ಯಾಡ, ಆತ ನಿನ್ನ ಮ್ಯಾಲಿನ ಆಸೆ ಬಿಟ್ಟಾನ. ಇವ ಇಂದಲ್ಲ ನಾಳೆ ಕುಡಿಯಾವ್ನಾ ಅಂತ ಅಂದಾನ' ಅಂದೆ. ನೀ ಅನ್ನಲಾರದ ಮಾತು ನಿನ್ನ ಬಾಯಾಗಿಟ್ಟು ಅಂದೆ ನರಸಣ್ಣ! ಆತ ಹಾಕ್ಕೊಂಡ ಅಂಗಿ ಮ್ಯಾಲೇ ಹೊರಗ ಹ್ವಾದ. ಅವತ್ತಾ ಕುಡಕೊಂಡು ಬಂದ.

ಅಳಬ್ಯಾಡೋ. ನೀ ಯಾಕ ಅಳತಿ? ಸಾಹೇಬ್ರು ಬರ್ಲಿ, ನಾನಾ ಹೇಳತೀನಿ. ಐದು ವರ್ಷ ಅಂತ ಬರಕೋರಿ, ಹತ್ತು ವರ್ಷ ಅಂತ ಬರಕೋರಿ, ಮನಿಯಾಕಿ ಬ್ಯಾಡ ಅಂದ್ರೂ ಜೊತೆಗಾರ ಹೋಗಾ ಬೇಕು ಅಂತ ಬರಕೋರಿ ಅಂತೀನಿ. ನಿನ್ನ ಹೆಸರು ಇರಲಿ ಪಟ್ಟ್ಯಾಗ. ಎಲ್ಲಾ ಹೇಳತೀನಿ. ಆದಿ ಒಬ್ಬಾಕಿಗೆ ಮಾತ್ರ ಬ್ಯಾಡ... ತನ್ನ ಮದವಿ ಸಲುವಾಗಿ ಅಪ್ಪ ಹೋದ ಅಂತ ಗೊತ್ತಾದ್ರ ಆಕಿ ಬದುಕತಾಳೇನು? ಅದಕ್ಕಾ ನೀ ಇಷ್ಟು ದಿನ ಬಾಯಿ ಹೊಲಕೊಂಡು... ಈಗ ತಿಳೀತು ನನಗ. ಆಕಿ ಸಲುವಾಗಿ.

ಯಾಕ? ಯಾಕ ಎದ್ದು ನಿಂತಿ? ನನ್ನ ಹಿಂದ ಏನು ನೋಡಾಕತ್ತಿ ನರಸಣ್ಣ? ಏನರ ಅನ್ನೋ...

ಆದೀ... ಯಾವಾಗಿಂದ ನಿಂತೀಯವ್ವಾ ನೀ ಅಲ್ಲಿ?