ಅರಗಿನ ಸಾಹೇಬರ ದೂರು

ಮಳೆ ಹಿಡಿದದ್ದು ಮಧ್ಯಾಹ್ನವೇ. ಸಂಜೆಗೆ ಕರೆಂಟೂ ಹೋಗಿ, ಮನೆಯವರೆಲ್ಲ ನಡುಮನೆಯ ಒಂದೇ ಮೇಣದಬತ್ತಿಯ ಸುತ್ತ ಬಂದು ಕೂತರು. ದೆವ್ವದ ಕತೆ ಬೇಕೆಂದು ಮೊಮ್ಮಕ್ಕಳು ಪ್ರಾಣ ತಿಂದರು. ಮೂವತ್ತು ವರ್ಷ ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದ ಮಾವ ಗಂಟಲು ಸರಿಮಾಡಿಕೊಂಡಾಗ, ಅವರ ಮುಖ ನೋಡಿ ಸೊಸೆಗೆ ಯಾಕೋ ಕಸಿವಿಸಿಯಾಯಿತು.

“ಕೇಳ್ರೋ... ನಮ್ಮ ಠಾಣೇಲಿ ಒಬ್ಬರು ಎಸ್‌ಐ ಇದ್ರು, ಅರಗಿನ ಸಾಹೇಬ್ರು ಅಂತಿದ್ವಿ. ಯಾಕೆ ಗೊತ್ತಾ? ಕೇಸಿನ ಸಾಮಾನು ಬಟ್ಟೇಲಿ ಕಟ್ಟಿ ಸೀಲ್ ಮಾಡೋವಾಗ, ಪುಣ್ಯಾತ್ಮ, ಅರಗನ್ನ ಕೈಬಿಚ್ಚಿ ಸುರಿಯೋರು, ಇರುವೇನೂ ಒಳಗೆ ಹೋಗಬಾರದು ಅಂತ! ಒಂದ್ಸಲ ಕೆರೇಲಿ ಒಬ್ಬ ಹುಡುಗಿ ಹೆಣ ಸಿಕ್ತು. ಮುಷ್ಟಿ ಬಿಡಿಸಿದ್ರೆ ಒಳಗೆ ಪೊಲೀಸ್ ಯೂನಿಫಾರಂನ ಹಿತ್ತಾಳೆ ಗುಂಡಿ... ಸಾಹೇಬ್ರು ಸೀಲ್ ಮಾಡಿ ನನ್ನ ಕೈಗೆ ಕೊಟ್ರು; ಸಾಮಾನಿನ ಕೋಣೆ ಬೀಗದ ಕೈ ನನ್ನ ಹತ್ರ ಇತ್ತಲ್ಲ. ಮಾರನೇ ದಿನ ಇನ್ಸ್‌ಪೆಕ್ಟರ್ ಬಂದು, ‘ಆ ಗಂಟು ಐದು ನಿಮಿಷ ಕೊಡಯ್ಯ’ ಅಂದ. ಅವನ ಅಂಗೀಲಿ ಒಂದೇ ಒಂದು ಗುಂಡಿ ಹೊಸದಾಗಿ ಹೊಳೀತಿತ್ತು... ಕಂಡೂ ಕಾಣದ ಹಾಗೆ, ರಿಜಿಸ್ಟರಲ್ಲೂ ಬರೀದೆ ಕೊಟ್ಟುಬಿಟ್ಟೆ. ಐದು ನಿಮಿಷಕ್ಕೆಲ್ಲ ದೊಡ್ಡೋರ ಹತ್ರ ಸಹಿ ಕೇಳೋಕಾಗುತ್ತಾ? ಗಂಟು ವಾಪಸ್ ಬಂತು, ಅರಗಿನ ಸೀಲೂ ಮೊದಲಿನ ಹಾಗೇ ಇತ್ತು. ಕೋರ್ಟಲ್ಲಿ ಬಿಚ್ಚಿದ್ರೆ ಒಳಗೆ ಯಾವುದೋ ಪ್ಲಾಸ್ಟಿಕ್ ಗುಂಡಿ!

ಸಾಹೇಬ್ರು ಇನ್ಸ್‌ಪೆಕ್ಟರ್ ಮೇಲೆ ದೂರು ಕೊಟ್ರು. ವಿಚಾರಣೇಲಿ ನನ್ನ ಕೇಳಿದ್ರು, ಗಂಟು ಕೋಣೆಯಿಂದ ಹೊರಗೆ ಹೋಗಿತ್ತಾ ಅಂತ. ಇಲ್ಲ ಅಂದೆ... ಹೆಂಡ್ತಿ ಮಕ್ಕಳಿದ್ರು, ಹೆದರಿಬಿಟ್ಟೆ ಕಣ್ರೋ. ಸೀಲ್ ಮಾಡಿದೋರೇ ಕಳ್ಳ ಆದ್ರು. ಕೆಲಸ ಹೋಯ್ತು. ಆಮೇಲೂ ಬಿಡ್ಲಿಲ್ಲ, ಅರ್ಜಿ ಮೇಲೆ ಅರ್ಜಿ ಬರೀತಾ ಬರೀತಾನೇ ಕಣ್ಮುಚ್ಚಿದ್ರು.

ಆ ವರ್ಷದಿಂದಾನೇ ಬರೋಕೆ ಶುರು ಮಾಡಿದ್ರು. ಪಟ್ಟಪಗಲಲ್ಲೇ ಬರ್ತಾರೆ... ಮೊದಲು ಕಾದ ಅರಗಿನ ವಾಸನೆ, ಆಮೇಲೆ ಅವರು. ನನ್ನೆದುರು ಗಂಟು ಬಿಚ್ತಾರೆ, ಹಿತ್ತಾಳೆ ಗುಂಡಿ ತೋರಿಸ್ತಾರೆ, ‘ನೋಡಿದೆ ಅಂತ ಸಹಿ ಹಾಕಪ್ಪ’ ಅಂತಾರೆ, ಅಷ್ಟೇ. ಬೈಯಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು! ಇಪ್ಪತ್ತು ವರ್ಷ ಏನೇನೋ ನೆಪ ಹೇಳಿ ತಪ್ಪಿಸ್ಕೊಂಡೆ. ಹೋದ ವಾರ ಹಾಕಿಬಿಟ್ಟೆ.”

“ಹಾಗಾದ್ರೆ ಮುಗೀತಲ್ಲ ಮಾವ?” ಎಂದಳು ಸೊಸೆ.

“ಎಲ್ಲಿ ಮುಗಿಯುತ್ತಮ್ಮ? ಮಹಜರಿಗೆ ಇಬ್ಬರು ಸಾಕ್ಷಿ ಬೇಕೇ ಬೇಕು... ಸುಳ್ಳು ಹೇಳದೋರು ಇನ್ನೊಬ್ಬರು ಯಾರಾದ್ರೂ ಇದ್ದಾರಾ ಅಂತ ಕೇಳಿದ್ರು. ಈ ಮನೇಲಿ ಒಬ್ಬಳೇ ಒಬ್ಬಳು ಅಂದೆ.” ಮಾವ ತಲೆ ಎತ್ತಲಿಲ್ಲ. “ಕೋಪ ಮಾಡ್ಕೋಬೇಡ ತಾಯಿ... ನಿನ್ನ ಪೂರ್ತಿ ಹೆಸರು ಬರ್ಕೊಂಡು ಹೋಗಿದ್ದಾರೆ.”