ಯಾರಿಗೂ ಗಾಯವಾಗದ ತಿಂಗಳು

ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ಹಾಲ್‌ನ ಹೊರಗಿನ ನಲ್ಲಿಯಲ್ಲಿ ಅವಳು ಒಂದೇ ಕೈಯಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದಳು. ಬೆಳಿಗ್ಗೆ ಸೂಜಿ ಹೊಕ್ಕ ಬೆರಳು ಸೆರಗಿನೊಳಗಿತ್ತು. ತಿಂಗಳಿಡೀ ಯಾರಿಗೂ ಗಾಯವಾಗದಿದ್ದರೆ ಮಿಷನ್ನಿನ ಇಡೀ ಸಾಲಿಗೆ ಅರ್ಧ ದಿನ ರಜೆ. ಆ ರಜೆ ನಾಳೆಯೇ. ಅವಳ ಬೆನ್ನ ಹಿಂದೆ ಹೊಸ ಸೇಫ್ಟಿ ಮೇಡಂ ಸೂಪರ್‌ವೈಸರನನ್ನು ಕೇಳುತ್ತಿದ್ದರು.

“ಗಾಯ ಒಂದೂ ಇಲ್ಲ ಅಂತೀರಿ. ಮತ್ತೆ ಫಸ್ಟ್ ಏಡ್ ಪೆಟ್ಟಿಗೇಲಿದ್ದ ಬ್ಯಾಂಡೇಜ್ ಎಲ್ಲಾ ಎಲ್ಲಿಗೆ ಹೋಯ್ತು?”

“ನಂಗೂ ತಲೆಬುಡ ಅರ್ಥ ಆಗ್ತಿಲ್ಲ ಮೇಡಂ. ಮನೆಗೆ ಒಯ್ತಾರೇನೋ. ಮಕ್ಕಳು ಬಿದ್ದು ಗಿದ್ದು ಮಾಡ್ಕೋತಾವಲ್ಲ.”

“ಇಷ್ಟೊಂದಾ? ಮಕ್ಕಳೇನು ಬೀಳೋ ಕೆಲಸಕ್ಕೇ ಸೇರ್ಕೊಂಡಿದಾವಾ?”

“ನಮ್ಮ ಹೆಂಗಸರು ಹುಷಾರು ಮೇಡಂ. ರಜೆ ಕೊಡೋಕೆ ಶುರುಮಾಡಿದ ಮೇಲೆ ಒಬ್ಬರಿಗೂ ಸೂಜಿ ಚುಚ್ಚಿಲ್ಲ.”

“ಬೆರಳಿಗೆ ಚುಚ್ಚದ ಹಾಗೆ ಎಲ್ಲಾ ಮಿಷನ್ನಿಗೂ ಸೂಜಿ ಗಾರ್ಡ್ ಹಾಕಿಸೋಣ ಅಂತಿದ್ದೆ. ಗಾಯನೇ ಇಲ್ಲ ಅಂದ್ರೆ ಮೇಲಿನವರನ್ನ ಏನಂತ ಕೇಳ್ಲಿ?”

“ಸದ್ಯಕ್ಕೆ ಪೆಟ್ಟಿಗೆಗೆ ಬೀಗ ಹಾಕೋಣ. ಅದೂ ಸುಧಾರಣೆನೇ ಅಲ್ವಾ?”

“ಏನೋಪ್ಪ, ನಂಗಂತೂ ಒಂದೂ ಬಗೆಹರೀತಿಲ್ಲ,” ಎನ್ನುತ್ತ ಮೇಡಂ ನಡೆದರು. ಸೂಪರ್‌ವೈಸರ್ ಬೀಗ ಹುಡುಕಲು ಹೋದ.

ಪಕ್ಕದ ಮಿಷನ್ನಿನವಳು ಬಂದು ನಲ್ಲಿಗೆ ಕೈಯೊಡ್ಡಿದಳು. “ನಾಳೆ ಮಧ್ಯಾಹ್ನ ಬಾಣಂತಿ ಮಗಳನ್ನ ನೋಡ್ಕೊಂಡು ಬರ್ತೀನಿ ಕಣೇ.”

“ಹೂಂ,” ಎಂದಳು ಇವಳು. ಗೆಳತಿಯ ಮುಖ ನೋಡಲಾಗಲಿಲ್ಲ. ರಜೆ ಹೋದರೂ ಗಾರ್ಡ್ ಬರಲಿ, ಸಂಜೆ ಎಲ್ಲರೂ ಹೋದ ಮೇಲೆ ಮೇಡಂ ಕೋಣೆಗೆ ಹೋಗಿ ಬೆರಳು ತೋರಿಸುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದಳು.